ಬೆರಳಿಟ್ಟು ನೋಡಿ, ಆಮೇಲೆ ನೀರು

ಈ ಅಂಕಣ ಕುಂಡದ ಗಿಡಗಳದ್ದು. ಹೋದ ತಿಂಗಳು ಯಾವುದೋ ಉತ್ತರದ ನಡುವೆ ನಮ್ಮ ಯಜಮಾನರು ಡಯಾಲಿಸಿಸ್‌ನಲ್ಲಿದ್ದ ಕಾಲದ ಮಾತು ಎರಡು ಸಾಲು ಬಂತು. ಅಷ್ಟಕ್ಕೇ ಈ ಸಲದ ಕಾಗದಗಳಲ್ಲಿ ಅರ್ಧಕ್ಕರ್ಧ ಗಿಡದ ಜೊತೆ ಕಾಯಿಲೆಯನ್ನೂ ಕಟ್ಟಿಕೊಂಡು ಬಂದಿವೆ. ಸಂಪಾದಕರನ್ನು ಕೇಳಿದರೆ, “ಎರಡಕ್ಕೂ ಬರೀರಿ ಮೇಡಂ, ಪುಟ ಹೊಂದಿಸ್ತೀವಿ” ಅಂದರು. ನಾನು ತೋಟಗಾರಿಕೆ ಇಲಾಖೆಯಿಂದ ನಿವೃತ್ತಳಾದವಳು, ಡಾಕ್ಟರಲ್ಲ. ಮಾತ್ರೆ, ಇಂಜೆಕ್ಷನ್, ಪಥ್ಯ ಇವುಗಳ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ. ಕಾಯಿಲೆಯವರ ಮನೆಗೆ ಬಂದುಹೋಗುವವರು ಹೇಗಿದ್ದರೆ ಉಪಕಾರ, ಹೇಗಿದ್ದರೆ ಉಪದ್ರವ ಅನ್ನುವುದನ್ನು ಮಾತ್ರ ಮನೆಯೊಳಗಿನಿಂದ ನೋಡಿದ್ದೇನೆ.

ಪ್ರ: ನಮ್ಮದು ಬನಶಂಕರಿಯಲ್ಲಿ ಎರಡನೇ ಮಹಡಿಯ ಮನೆ. ಹಾಲ್‌ನಲ್ಲಿ ಮನಿ ಪ್ಲಾಂಟ್, ಪೀಸ್ ಲಿಲಿ, ಸ್ನೇಕ್ ಪ್ಲಾಂಟ್ ಇಟ್ಟಿದ್ದೇನೆ. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಮೂರಕ್ಕೂ ಒಂದೊಂದು ಲೋಟ ನೀರು. ಒಂದು ದಿನವೂ ತಪ್ಪಿಸಿಲ್ಲ. ಆದರೂ ಮನಿ ಪ್ಲಾಂಟಿನ ಎಲೆ ಹಳದಿಯಾಗಿ ಉದುರುತ್ತಿದೆ, ಸ್ನೇಕ್ ಪ್ಲಾಂಟಿನ ಬುಡ ಮೆತ್ತಗಾಗಿದೆ. ಯಾವ ಗೊಬ್ಬರ ಹಾಕಲಿ?
— ಗೃಹಿಣಿ, ಬೆಂಗಳೂರು

ಉ: ಗೊಬ್ಬರ ಬೇಡ. ಆ ಲೋಟವನ್ನು ಅಡುಗೆಮನೆಗೆ ವಾಪಸ್ ಕಳಿಸಿ.

ಬೇರು ನೀರು ಕುಡಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು, ಉಸಿರಾಡುತ್ತದೆ ಅನ್ನುವುದು ಮರೆತುಹೋಗುತ್ತದೆ. ಮಣ್ಣಿನ ಕಣಗಳ ಸಂದಿನಲ್ಲಿ ಗಾಳಿ ಇರಬೇಕು, ಅದರಿಂದ ಬೇರಿಗೆ ಆಮ್ಲಜನಕ ಸಿಗಬೇಕು. ದಿನಾ ನೀರು ಬಿದ್ದರೆ ಆ ಸಂದುಗಳೆಲ್ಲ ನೀರಿನಿಂದಲೇ ತುಂಬಿ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯಲಾರದು. ಒದ್ದೆ ಮಣ್ಣಿನಲ್ಲಿ ನಿಂತೇ ಗಿಡ ಬಾಡುತ್ತದೆ. ಬಾಡಿದ್ದು ಕಂಡು ನಾವು ಇನ್ನೊಂದು ಲೋಟ ಸುರಿಯುತ್ತೇವೆ. ನಾನು ಕಂಡ ಹಾಗೆ ಮನೆಯೊಳಗಿನ ಗಿಡಗಳು ಬಾಯಾರಿ ಸಾಯುವುದಕ್ಕಿಂತ ಹೀಗೆ ಸಾಯುವುದೇ ಹೆಚ್ಚು.

ಇನ್ನು ಮೇಲೆ ಹೊತ್ತು ನೋಡಿ ನೀರು ಹಾಕಬೇಡಿ, ಮಣ್ಣು ಮುಟ್ಟಿ ಹಾಕಿ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿ. ತಣ್ಣಗೆ ಅಂಟಿಕೊಂಡರೆ ಆ ದಿನ ಬೇಡ. ದೊಡ್ಡ ಕುಂಡಕ್ಕೆ ಬೆರಳು ಸಾಲದು; ಕಡ್ಡಿಪೊರಕೆಯಿಂದ ದಪ್ಪನೆಯ ಒಂದು ಕಡ್ಡಿ ಎಳೆದುಕೊಂಡು ತಳದವರೆಗೆ ಚುಚ್ಚಿ, ಎರಡು ನಿಮಿಷ ಬಿಟ್ಟು ಮೆಲ್ಲಗೆ ಎಳೆಯಿರಿ. ಕಡ್ಡಿ ಕಪ್ಪಾಗಿ, ಮಣ್ಣು ಮೆತ್ತಿಕೊಂಡು ಬಂದರೆ ಒಳಗೆ ಇನ್ನೂ ತೇವವಿದೆ. ಸಣ್ಣ ಕುಂಡವಾದರೆ ಎತ್ತಿ ನೋಡಿ. ನೀರು ಹಾಕಿದ ದಿನದ ಭಾರ, ಒಣಗಿದ ದಿನದ ಭಾರ ಎರಡೂ ಒಂದು ವಾರದಲ್ಲಿ ನಿಮ್ಮ ಕೈಗೇ ಗೊತ್ತಾಗಿಬಿಡುತ್ತದೆ. ಆಮೇಲೆ ಬೆರಳೂ ಬೇಡ.

ಹಾಕುವ ದಿನ ಮಾತ್ರ ಧಾರಾಳವಾಗಿ ಹಾಕಿ. ಕುಂಡದ ಸುತ್ತಲೂ ನಿಧಾನವಾಗಿ, ತಳದ ತೂತಿನಿಂದ ನೀರು ಇಳಿಯುವವರೆಗೆ. ಅರ್ಧ ಗಂಟೆ ಬಿಟ್ಟು ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಈಗ ನರ್ಸರಿಗಳಲ್ಲಿ ಕೊಡುವುದು ಹೆಚ್ಚಾಗಿ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿದ ಕುಂಡ. ಅದರ ಸ್ವಭಾವ ಬೇರೆ: ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒದ್ದೆ ಇರುತ್ತದೆ, ಒಂದು ಸಲ ಪೂರ್ತಿ ಒಣಗಿತೋ, ಎಷ್ಟು ಸುರಿದರೂ ಕುಂಡದ ಅಂಚಿನಿಂದ ಜಾರಿ ಕೆಳಗೆ ಹೋಗುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಆಗ ಕುಂಡವನ್ನೇ ಬಕೆಟ್ ನೀರಿನಲ್ಲಿ ಕೂರಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಬಿಡಿ.

ಎಷ್ಟು ದಿನಕ್ಕೊಮ್ಮೆ ಅಂತ ಕೇಳುತ್ತೀರಿ, ಗೊತ್ತು. ಬಾಲ್ಕನಿಯ ಬೆಳಕಿನಲ್ಲಿ ಏಪ್ರಿಲ್‌ನಲ್ಲಿ ನಾಲ್ಕೈದು ದಿನಕ್ಕೆ ಬಾಯಾರುವ ಮನಿ ಪ್ಲಾಂಟ್, ಜುಲೈನ ಮೋಡದಲ್ಲಿ ಹಾಲ್‌ನ ಮೂಲೆಯಲ್ಲಿದ್ದರೆ ಹತ್ತು ದಿನವಾದರೂ ಕೇಳುವುದಿಲ್ಲ. ಮಣ್ಣಿನ ಕುಂಡ ಬೇಗ ಆರುತ್ತದೆ, ಪ್ಲಾಸ್ಟಿಕ್ ಕುಂಡ ತೇವ ಹಿಡಿದಿಡುತ್ತದೆ. ಪೀಸ್ ಲಿಲಿಯ ವಿಷಯದಲ್ಲಿ ನಿಮಗೆ ಚಿಂತೆಯೇ ಇಲ್ಲ. ಬಾಯಾರಿದರೆ ಎಲೆಗಳನ್ನೆಲ್ಲ ಕೆಳಗೆ ಚೆಲ್ಲಿ ನಾಟಕ ಮಾಡುತ್ತದೆ, ನೀರು ಹಾಕಿದ ಕೆಲವು ಗಂಟೆಯಲ್ಲಿ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತದೆ.

ಸ್ನೇಕ್ ಪ್ಲಾಂಟನ್ನು ಇವತ್ತೇ ಕಿತ್ತು ನೋಡಿ. ಮೆತ್ತಗಾದ ಭಾಗವನ್ನೆಲ್ಲ ಕತ್ತರಿಸಿ ಎಸೆಯಿರಿ. ಗಟ್ಟಿಯಿರುವ ಎಲೆಗಳನ್ನು ಗೇಣುದ್ದ ತುಂಡು ಮಾಡಿ, ಎರಡು ಮೂರು ದಿನ ನೆರಳಿನಲ್ಲಿ ಗಾಯ ಆರಲು ಬಿಟ್ಟು, ಮರಳು ಹೆಚ್ಚಿರುವ ಮಣ್ಣಿಗೆ ನೆಡಿ. ತುಂಡಿನ ಬುಡ ಬುಡವಾಗಿಯೇ ಇರಬೇಕು, ತಲೆಕೆಳಗಾದರೆ ಬೇರು ಬಾರದು. ನಿಮ್ಮದು ಹಳದಿ ಅಂಚಿನ ಜಾತಿಯಾದರೆ ಎಲೆಯಿಂದ ಬರುವ ಮರಿಗೆ ಹಳದಿ ಅಂಚು ಇರುವುದಿಲ್ಲ, ಬರೀ ಹಸಿರು. ಬೇಜಾರು ಮಾಡಿಕೊಳ್ಳಬೇಡಿ.

ಪ್ರ: ಆರ್‌ಒ ಫಿಲ್ಟರಿನಿಂದ ಹೊರಬೀಳುವ ನೀರು ದಿನಕ್ಕೆ ಬಕೆಟ್‌ಗಟ್ಟಲೆ ಪೋಲಾಗುತ್ತದೆ. ಕುಂಡಗಳಿಗೆ ಹಾಕಬಹುದೇ?
— ನಿವೃತ್ತ ಶಿಕ್ಷಕರು, ಕೋಲಾರ

ಉ: ಬೇಡಿ ಸಾರ್. ನಿಮ್ಮ ಕುಡಿಯುವ ನೀರಿನಿಂದ ತೆಗೆದ ಲವಣಗಳೆಲ್ಲ ಅದರಲ್ಲೇ ಕೂತಿವೆ. ಕೋಲಾರದ ಬೋರ್‌ವೆಲ್ ನೀರಾದರಂತೂ ಕೇಳುವುದೇ ಬೇಡ. ಕುಂಡದ ಹೊರಮೈ ಬಿಳಿ ಬಿಳಿ ಕಟ್ಟುತ್ತದೆ, ಎಲೆಯ ತುದಿ ಕಂದಾಗಿ ಸುಟ್ಟ ಹಾಗಾಗುತ್ತದೆ. ನೆಲ ಒರೆಸಲು, ಟಾಯ್ಲೆಟ್‌ಗೆ ಬಳಸಿ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವೇ ಇಲ್ಲ, ಅದನ್ನು ಹಾಕಿ. ಮಳೆ ಬಂದಾಗ ಕುಂಡಗಳನ್ನು ಹೊರಗಿಟ್ಟು ಒಂದು ಒಳ್ಳೆ ಮಳೆಗೆ ನೆನೆಯಲು ಬಿಟ್ಟರೆ ಕೂತ ಉಪ್ಪೆಲ್ಲ ತೊಳೆದುಹೋಗುತ್ತದೆ.

ಪ್ರ: ಮೇಡಂ, ನಾನು ಹುಬ್ಬಳ್ಳಿಯಾಕಿ. ನಮ್ಮ ಬಾಜೂ ಮನಿ ಗೆಳತಿ ಗಂಡಗ ಕಿಡ್ನಿ ಫೇಲ್ ಆಗಿ ವಾರಕ್ಕ ಎರಡು ಸಲ ಡಯಾಲಿಸಿಸ್ ನಡದದ. ಮನಿ ಕೀಲಿ ನನ್ನ ಕೈಯಾಗ ಕೊಟ್ಟು ‘ಗಿಡಕ್ಕ ನೀರು ಹಾಕವಾ’ ಅಂದಾಳ. ಹೋಗಿ ನೋಡಿದ್ರ ಮೂವತ್ತರ ಮ್ಯಾಲೆ ಕುಂಡ ಅವ. ಒಂದರ ಸತ್ರ ಆಕಿಗೆ ಏನ್ ಮುಖಾ ತೋರಿಸ್ಲಿ? ಇನ್ನೊಂದು, ಆಕಿ ಎದುರಿಗೆ ಬಂದ್ರ ಏನ್ ಮಾತಾಡಬೇಕು ಅನ್ನೂದ ತಿಳೀವಲ್ದು. ಎಳನೀರು, ಮೋಸಂಬಿ ಒಯ್ದು ಕೊಟ್ಟೆ, ತಗೊಂಡ್ಲು, ಆದ್ರ ಮುಖಾ ಸಣ್ಣ ಮಾಡಿದ್ಲು. ‘ಏನರ ಬೇಕಂದ್ರ ಹೇಳವಾ’ ಅಂತ ದಿನಾ ಅಂತೀನಿ. ಒಮ್ಮೆನೂ ಏನೂ ಕೇಳಿಲ್ಲ. ನನ್ ಮ್ಯಾಲೆ ಸಿಟ್ಟಾಗ್ಯಾಳೇನು?
— ಓದುಗಿ, ಹುಬ್ಬಳ್ಳಿ

ಉ: ಸಿಟ್ಟಾಗಿಲ್ಲ ತಂಗಿ, ದಣಿದಿದ್ದಾರೆ.

ಮೊದಲು ಗಿಡದ ಮಾತು ಮುಗಿಸುತ್ತೇನೆ. ಮೂವತ್ತು ಕುಂಡಕ್ಕೂ ಒಂದೇ ಸಮ ನೀರು ಹಾಕುತ್ತಾ ಹೋಗಬೇಡಿ. ಒಮ್ಮೆ ಕೂತು ಮೂರು ಗುಂಪು ಮಾಡಿ. ಎಲೆ ದಪ್ಪಗಿರುವುದು, ಗಡ್ಡೆ ಇರುವುದು, ಅಂದರೆ ಲೋಳೆಸರ, ಜೇಡ್, ಜೀಜೀ ಪ್ಲಾಂಟ್, ಸ್ನೇಕ್ ಪ್ಲಾಂಟ್ ಒಂದು ಕಡೆ. ಇವುಗಳ ಹತ್ತಿರ ಎರಡು ವಾರಕ್ಕೊಮ್ಮೆ ಹೋದರೆ ಸಾಕು. ಜರಿಗಿಡ, ತೆಳು ಎಲೆಯವು, ಮಣ್ಣಿನ ಸಣ್ಣ ಕುಂಡದಲ್ಲಿರುವವು ಇನ್ನೊಂದು ಕಡೆ. ಹುಬ್ಬಳ್ಳಿಯ ಬೇಸಿಗೆಯಲ್ಲಿ ಇವನ್ನು ದಿನ ಬಿಟ್ಟು ದಿನ ಮುಟ್ಟಿ ನೋಡಿ. ಉಳಿದವು ವಾರಕ್ಕೆರಡು ಸಲ. ಬಿಸಿಲಲ್ಲಿ ಕಾದ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುತ್ತದಲ್ಲ, ಅದನ್ನು ಹಾಕಬೇಡಿ, ಬೆಳಿಗ್ಗೆ ಹಾಕಿ. ಇಷ್ಟು ಮಾಡಿದ ಮೇಲೂ ಒಂದೆರಡು ಸತ್ತರೆ ಸಾಯಲಿ. ಹಳದಿ ಎಲೆಯ ಫೋಟೊ ತೆಗೆದು ‘ಇದಕ್ಕೇನು ಮಾಡ್ಲಿ’ ಅಂತ ಆಸ್ಪತ್ರೆಯಲ್ಲಿ ಕೂತವರಿಗೆ ಕಳಿಸಬೇಡಿ. ದಾಸವಾಳವೋ ಇನ್ನೊಂದೋ ಅರಳಿದರೆ ಅದರ ಫೋಟೊ ಕಳಿಸಿ, ಕೆಳಗೆ ಏನೂ ಕೇಳಬೇಡಿ. ಉತ್ತರ ಬರೆಯಬೇಕಿಲ್ಲದ ಮೆಸೇಜು ಆ ದಿನಗಳಲ್ಲಿ ಎಷ್ಟು ಅಪರೂಪ ಅನ್ನುವುದು ನನಗೆ ಗೊತ್ತು.

ಈಗ ಎಳನೀರು. ಆರೋಗ್ಯವಾಗಿರುವ ಕಿಡ್ನಿ ರಕ್ತದಲ್ಲಿ ಹೆಚ್ಚಾದ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಕಿಡ್ನಿ ಸೋತವರಲ್ಲಿ ಅದು ರಕ್ತದಲ್ಲೇ ಉಳಿದು, ಮಿತಿ ಮೀರಿದರೆ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ. ಎಳನೀರು, ಬಾಳೆಹಣ್ಣು, ಕಿತ್ತಳೆ, ಮೋಸಂಬಿ, ಒಣದ್ರಾಕ್ಷಿ, ಖರ್ಜೂರ: ಕಾಯಿಲೆಯವರನ್ನು ನೋಡಲು ಹೋಗುವಾಗ ನಾವು ಕೈಯಲ್ಲಿ ಹಿಡಿಯುವುದು ಇವನ್ನೇ. ನಮ್ಮ ಮನೆಯಲ್ಲಿ ಅಂಥ ದಿನಗಳಲ್ಲಿ ಊಟದ ಮೇಜಿನ ಮೇಲೆ ಮೋಸಂಬಿ ಚೀಲ ಒಂದರ ಮೇಲೊಂದು ಕೂತಿರುತ್ತಿದ್ದವು. ತಂದವರ ಎದುರು ಬೇಡ ಅನ್ನಲಾಗದು, ಯಜಮಾನರಿಗೆ ಕೊಡಲಾಗದು, ನಾನೊಬ್ಬಳೇ ತಿಂದು ತೀರಿಸಲಾಗದು. ಕೊನೆಗೆ ಹಾಲು ಹಾಕುವ ಹುಡುಗನಿಗೆ ಹಬ್ಬ. ನಿಮ್ಮ ಗೆಳತಿ ಮುಖ ಸಣ್ಣ ಮಾಡಿದ್ದು ಇದಕ್ಕೇ ಇರಬೇಕು. ಧಾರೆಹುಳಿಯನ್ನಂತೂ, ಕಮರಾಕ್ಷಿ ಅಂತಲೂ ಅನ್ನುತ್ತಾರೆ, ಕಿಡ್ನಿ ರೋಗಿ ಇರುವ ಮನೆಗೆ ತರಲೇಬೇಡಿ. ಅದರಲ್ಲಿ ಮೆದುಳಿನವರೆಗೆ ಹೋಗುವ ವಿಷವೇ ಇದೆ. ಲೋ ಸೋಡಿಯಂ ಉಪ್ಪು ‘ಒಳ್ಳೇದು’ ಅಂತ ಯಾರೋ ತಂದುಕೊಡುತ್ತಾರೆ. ಸೋಡಿಯಂ ಕಡಿಮೆ ಮಾಡಿದ ಜಾಗದಲ್ಲಿ ತುಂಬಿರುವುದು ಪೊಟ್ಯಾಸಿಯಂ. ಅದೂ ಬೇಡ.

ನಾಟಿ ಔಷಧದ ವಿಷಯ ನೀವು ಎತ್ತಿಲ್ಲ, ಆದರೂ ಗಿಡ ಬಲ್ಲವಳಾಗಿ ಹೇಳಿಬಿಡುತ್ತೇನೆ. ‘ಒಂದು ಬೇರು ಇದೆ, ಅರೆದು ಕುಡಿಸಿದರೆ ಡಯಾಲಿಸಿಸ್ಸೇ ಬೇಡ’ ಎಂದು ಹೇಳುವವರು ಓಣಿಗೊಬ್ಬರು ಸಿಗುತ್ತಾರೆ. ಈಶ್ವರಿ ಬಳ್ಳಿಯ ಬೇರು ನಮ್ಮ ಕಡೆ ವಿಷಕ್ಕೆ ಮದ್ದು ಅಂತ ಹೆಸರಾದದ್ದು. ಅದರಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಚೆನ್ನಾಗಿರುವ ಕಿಡ್ನಿಯನ್ನೂ ಹಾಳುಮಾಡುತ್ತದೆ. ಹಸಿರು ಎಲೆಯಿಂದ ಬಂದದ್ದೆಲ್ಲ ಸೌಮ್ಯ ಅನ್ನುವ ನಂಬಿಕೆಯನ್ನು ಇಡೀ ಜೀವಮಾನ ಗಿಡಗಳ ನಡುವೆ ಕಳೆದ ನಾನು ಒಪ್ಪಲಾರೆ.

‘ಏನರ ಬೇಕಂದ್ರ ಹೇಳವಾ’ ಅನ್ನುವುದು ಪ್ರೀತಿಯ ಮಾತೇ. ಆದರೆ ಏನು ಬೇಕು ಅಂತ ಯೋಚಿಸಿ, ಸಂಕೋಚ ಬಿಟ್ಟು ಬಾಯಿಬಿಟ್ಟು ಕೇಳುವ ಕೆಲಸ ಮತ್ತೆ ಅವರ ತಲೆಗೇ ಬಂತು. ಕೆಲಸದ ಹೆಸರು, ದಿನದ ಹೆಸರು ಎರಡನ್ನೂ ನೀವೇ ಹೇಳಿ. ‘ಗುರುವಾರ ಡಯಾಲಿಸಿಸ್ ಮುಂದ ನಾ ಕೂಡತೀನಿ, ನೀ ಮನೀಗೆ ಹೋಗಿ ಮಲಕೋ.’ ಒಂದು ಸರದಿ ಅಂದರೆ ನಾಲ್ಕು ಗಂಟೆ. ಹೋಗಿಬರುವುದು, ಕಾಯುವುದು ಸೇರಿದರೆ ಒಂದು ದಿನವೇ ಮುಗಿದ ಹಾಗೆ. ಆ ಬೆಂಚಿನ ಮೇಲೆ ಬೇರೆ ಯಾರಾದರೂ ಕೂತರೆ ಹೆಂಡತಿಗೆ ಸಿಗುವ ನಾಲ್ಕು ಗಂಟೆ ನಿದ್ದೆಗೆ ಯಾವ ಹಣ್ಣಿನ ಬುಟ್ಟಿಯೂ ಸಮವಲ್ಲ. ಗ್ಯಾಸ್ ಬುಕ್ ಮಾಡುವುದು, ಕರೆಂಟ್ ಬಿಲ್ಲು, ರೇಷನ್ ಅಂಗಡಿಯ ಸರದಿ, ಇವೂ ಹಾಗೇ. ಕಾಗದಪತ್ರದಲ್ಲಿ ನೀವು ಚುರುಕಾಗಿದ್ದರೆ ಇನ್ನೂ ಒಳ್ಳೆಯದು: 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಿಪಿಎಲ್ ಕುಟುಂಬದವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್ ಒಂದಿಷ್ಟು ಸೆಟ್ ಮಾಡಿಸಿ ಒಂದು ಫೈಲಿನಲ್ಲಿಟ್ಟು ಕೊಡಿ. ಕೌಂಟರಿನ ಮುಂದೆ ನಿಂತಾಗ ನಿಮ್ಮನ್ನು ನೆನೆಯುತ್ತಾರೆ.

ನೋಡಲು ಹೋಗುವುದಾದರೆ ಡಯಾಲಿಸಿಸ್ ಆದ ದಿನ ಸಂಜೆ ಹೋಗಬೇಡಿ. ಅವತ್ತು ಮೈಯೆಲ್ಲ ಹಿಂಡಿದ ಹಾಗಿರುತ್ತದೆ, ತಲೆ ಎತ್ತಲೂ ಬೇಸರ. ಮಾರನೇ ದಿನ ಬೆಳಿಗ್ಗೆ ಹೋಗಿ. ‘ಕ್ರಿಯಾಟಿನಿನ್ ಎಷ್ಟು ಬಂತು’ ಅಂತ ಕೇಳಬೇಡಿ, ರಕ್ತಪರೀಕ್ಷೆಯ ಆ ಅಂಕಿ ಕೇಳಲು ಡಾಕ್ಟರಿದ್ದಾರೆ. ಏನು ಮಾತಾಡಲಿ ಅಂದಿರಲ್ಲ, ಮೊದಲು ಏನು ಮಾತಾಡುತ್ತಿದ್ದಿರೋ ಅದನ್ನೇ. ಓಣಿಯಲ್ಲಿ ಯಾರ ಮನೆ ಬಾಡಿಗೆಗೆ ಹೋಯಿತು, ಯಾರ ಸೊಸೆ ಕೆಲಸಕ್ಕೆ ಸೇರಿದಳು, ನಿಮ್ಮ ನಾದಿನಿ ಮತ್ತೆ ಏನಂದಳು. ನಮ್ಮ ಯಜಮಾನರನ್ನು ನೋಡಲು ಬಂದವರಲ್ಲಿ ಅವರು ಕಾದು ಕೂರುತ್ತಿದ್ದದ್ದು ಒಬ್ಬರಿಗೆ ಮಾತ್ರ. ಆ ಮನುಷ್ಯ ಬಂದವರೇ ಕ್ರಿಕೆಟ್ ಆಯ್ಕೆದಾರರನ್ನು ಬೈಯಲು ಶುರುಮಾಡುತ್ತಿದ್ದರು, ಎದ್ದು ಹೋಗುವಾಗಲೂ ಬೈಯುತ್ತಲೇ ಹೋಗುತ್ತಿದ್ದರು. ಆರೋಗ್ಯ ವಿಚಾರಿಸಿದ್ದನ್ನು ನಾನು ಕೇಳಿಲ್ಲ.

ಗೆಳತಿ ಅತ್ತರೆ ಅಳಲಿ, ತಡೆಯಬೇಡಿ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಬದುಕೇ ಸಾಕಾಗಿದೆ ಅನ್ನುವ ಮಾತು ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಹಚ್ಚಿಕೊಟ್ಟು ಪಕ್ಕದಲ್ಲೇ ಕೂತಿರಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರ: ಅಪ್ಪನಿಗೆ ಅರವತ್ತೆಂಟು ವರ್ಷ. ಡಯಾಲಿಸಿಸ್ ಶುರುವಾದ ಮೇಲೆ ಮಂಕಾಗಿದ್ದಾರೆ. ಮೊದಲು ತಾರಸಿಯ ಗಿಡಗಳೆಲ್ಲ ಅವರದ್ದೇ. ಈಗಲೂ ನೀರು ಹಾಕುತ್ತೇನೆ ಅಂತ ಎದ್ದು ಹೋಗುತ್ತಾರೆ, ಅಣ್ಣ ಬೈದು ಕೂರಿಸುತ್ತಾನೆ. ಮಣ್ಣು ಮುಟ್ಟಿದರೆ ಇನ್‌ಫೆಕ್ಷನ್ ಆಗುತ್ತದೆಯಂತೆ. ನಿಜವೇ?
— ಮಗಳು, ಹಾಸನ

ಉ: ಅಣ್ಣನ ಭಯ ಸುಳ್ಳಲ್ಲ. ಆದರೆ ಕೂರಿಸುವುದು ಮದ್ದಲ್ಲ. ಡಯಾಲಿಸಿಸ್ ಡಾಕ್ಟರನ್ನು ಒಂದು ಮಾತು ಕೇಳಿ, ಅವರು ಹೂಂ ಅಂದರೆ ಹೀಗೆ ಮಾಡಿ.

ಕೈಯಲ್ಲಿ ಫಿಸ್ಟುಲಾ ಮಾಡಿರುತ್ತಾರಲ್ಲ, ರಕ್ತನಾಳ ಜೋಡಿಸಿದ ಜಾಗ, ಬೆರಳಿಟ್ಟರೆ ಒಳಗೆ ಜುಮ್ಮೆಂದು ನಡುಗುವುದು ಗೊತ್ತಾಗುತ್ತದೆ. ಆ ಕೈ ಅವರ ಜೀವ. ಅದರಲ್ಲಿ ಬಕೆಟ್ ಎತ್ತಬಾರದು, ಚೀಲ ನೇತುಹಾಕಿಕೊಳ್ಳಬಾರದು, ಬಿಗಿಯಾದ ವಾಚು ಬೇಡ, ಬಿಪಿ ಪಟ್ಟಿಯನ್ನೂ ಆ ಕೈಗೆ ಸುತ್ತಿಸಬಾರದು. ಇನ್ನೊಂದು ಕೈಗೆ ಅರ್ಧ ಲೀಟರಿನ ಮಗ್ಗು ಕೊಡಿ. ನೀರು ತುಂಬಿಡುವ ಕೆಲಸ ಅಣ್ಣನದ್ದಾಗಲಿ, ಬೈಯುವ ಉತ್ಸಾಹ ಅದಕ್ಕೆ ಉಪಯೋಗವಾಗುತ್ತದೆ. ಕುತ್ತಿಗೆಯಲ್ಲಿ ಕ್ಯಾಥೆಟರ್, ಅಂದರೆ ಡಯಾಲಿಸಿಸ್‌ನ ನಳಿಕೆ, ಇದ್ದರೆ ಅದು ಒದ್ದೆಯಾಗಬಾರದು, ಮಣ್ಣು ಸೋಕಬಾರದು. ಅದು ತೆಗೆಯುವವರೆಗೆ ಅವರು ಕುರ್ಚಿಯಲ್ಲಿ ಕೂತು ಯಾವುದಕ್ಕೆ ಎಷ್ಟು ಅಂತ ಹೇಳಲಿ, ನೀವು ಹಾಕಿ. ಗೊಬ್ಬರ ಕಲಸುವುದು, ಕುಂಡ ಬದಲಿಸುವುದು, ಮುಳ್ಳಿನ ಗುಲಾಬಿ ಸವರುವುದು ಬೇರೆಯವರ ಪಾಲು. ಕೈಗವಸು ಹಾಕಿಕೊಳ್ಳಲಿ, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲಿ. ಡಯಾಲಿಸಿಸ್ ಇಲ್ಲದ ದಿನ, ಬಿಸಿಲೇರುವ ಮುಂಚೆ. ನಾಲ್ಕೈದು ಕುಂಡವನ್ನು ಬಗ್ಗದೆ ಕೈಗೆಟಕುವ ಎತ್ತರಕ್ಕೆ ಏರಿಸಿ ‘ಇವು ನಿಮ್ಮವು’ ಅಂದರಾಯಿತು.

ನೀರಿನ ಲೆಕ್ಕದ್ದೊಂದು ಉಪಾಯ ಹೇಳಬೇಕು. ನಮ್ಮವರಿಗೆ ದಿನಕ್ಕೆ ಒಂದು ಲೀಟರ್ ಅಂತ ಡಾಕ್ಟರ್ ಕಟ್ಟುಹಾಕಿದ್ದರು. ನೀರು ಮಾತ್ರವಲ್ಲ; ಕಾಫಿ, ಮಜ್ಜಿಗೆ, ಸಾರು, ಗಂಜಿ ಎಲ್ಲ ಅದರೊಳಗೆ. ಬೆಳಿಗ್ಗೆ ಒಂದು ಲೀಟರಿನ ಬಾಟಲಿ ತುಂಬಿ ಕಿಟಕಿ ಹತ್ತಿರ ಇಡುತ್ತಿದ್ದೆವು. ಕುಡಿದರೆ ಅದರಿಂದಲೇ. ಕಾಫಿ ಕುಡಿದರೆ ಕಾಫಿಯಷ್ಟು ನೀರನ್ನು, ಸಾರು ಉಂಡರೆ ಸಾರಿನಷ್ಟನ್ನು ಬಾಟಲಿಯಿಂದ ತೆಗೆದುಬಿಡಬೇಕು. ಉಳಿದದ್ದೆಷ್ಟು ಅನ್ನುವುದು ಕಣ್ಣೆದುರಿಗೇ ಇರುತ್ತದೆ, ಲೆಕ್ಕ ಬರೆಯುವ ರಗಳೆ ಇಲ್ಲ. ಹಾಗೆ ತೆಗೆದ ನೀರನ್ನು ಚೆಲ್ಲಲು ಅವರಿಗೆ ಮನಸ್ಸಾಗುತ್ತಿರಲಿಲ್ಲ. ಕಿಟಕಿಯಲ್ಲಿದ್ದ ದೊಡ್ಡಪತ್ರೆಗೋ, ಆಂಥೂರಿಯಂಗೋ ಹಾಕುತ್ತಿದ್ದರು, ಹಾಕುವ ಮೊದಲು ಮಣ್ಣಿಗೆ ಬೆರಳಿಟ್ಟು ನೋಡುತ್ತಿದ್ದರು. ಬಾಯಾರಿದ ಮನುಷ್ಯ ಗಿಡಕ್ಕೆ ನೀರು ಹಾಕುವುದು ನೋಡುವವರಿಗೆ ಕಷ್ಟ ಅನಿಸಬಹುದು. ನನಗೂ ಅನಿಸುತ್ತಿತ್ತು, ಅವರಿಗೆ ಅನಿಸಲಿಲ್ಲ. “ನನ್ನ ಪಾಲಿನದನ್ನ ನಾನು ಯಾರಿಗೆ ಬೇಕಾದ್ರೂ ಕೊಡ್ತೀನಿ” ಅನ್ನುತ್ತಿದ್ದರು.

ಆಲೂಗಡ್ಡೆ, ಕ್ಯಾರೆಟ್ ಮುಂತಾದವನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಪಲ್ಯ ಮಾಡಲು ಡಯಟೀಶಿಯನ್ ಹೇಳಿರಬಹುದು. ಪೊಟ್ಯಾಸಿಯಂನ ಒಂದು ಭಾಗ ಆ ನೀರಿಗೆ ಇಳಿದಿರುತ್ತದೆ. ನಿಮ್ಮಪ್ಪನಿಗೆ ಬೇಡವಾದದ್ದು ಗಿಡಕ್ಕೆ ಬೇಕಾದದ್ದೇ. ಉಪ್ಪು ಹಾಕದೆ ಬೇಯಿಸಿದ್ದಾಗಿರಬೇಕು, ಪೂರ್ತಿ ಆರಿರಬೇಕು. ದಿನಾ ಒಂದೇ ಕುಂಡಕ್ಕೆ ಸುರಿಯಬೇಡಿ, ಹುಳಿ ವಾಸನೆ ಬರುತ್ತದೆ.

ಪ್ರ: ಆಫೀಸಿನ ಗೆಳತಿಗೆ ಸ್ತನ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ಹೂಗುಚ್ಛ ಬಾಡಿಹೋಗುತ್ತದೆ, ಅದಕ್ಕೇ ಒಂದು ಚೆಂದದ ಕುಂಡದ ಗಿಡ ಕೊಡೋಣವೆಂದಿದ್ದೇವೆ. ಯಾವ ಗಿಡ ಒಳ್ಳೆಯದು?
— ಐಟಿ ಉದ್ಯೋಗಿ, ಬೆಂಗಳೂರು

ಉ: ಯಾವುದೂ ಅಲ್ಲ. ಕೀಮೋ ಆದ ಒಂದೆರಡು ವಾರದ ಸುಮಾರಿಗೆ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತದೆ. ಒದ್ದೆ ಮಣ್ಣಿನಲ್ಲಿ ಆಸ್ಪರ್ಜಿಲಸ್‌ನಂಥ ಬೂಷ್ಟು ಇರುವುದು ಸಹಜ, ಹೂದಾನಿಯ ನೀರಿನಲ್ಲಿ ಬ್ಯಾಕ್ಟೀರಿಯ. ನಮಗೆ ಏನೂ ಆಗುವುದಿಲ್ಲ, ಆ ಸ್ಥಿತಿಯಲ್ಲಿರುವವರ ಶ್ವಾಸಕೋಶಕ್ಕೆ ಅಪಾಯ. ಹಾಗಾಗಿ ಅಂಥ ವಾರ್ಡುಗಳಲ್ಲಿ ಗಿಡ, ಹೂ ಎರಡನ್ನೂ ಬಿಡುವುದಿಲ್ಲ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಯಲ್ಲಿ ಗಿಡ ಕೊಂಡು ನೇರ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಡುವವರನ್ನು ನೋಡಿದ್ದೇನೆ. ಲಾಲ್‌ಬಾಗನ್ನೂ ಕಿದ್ವಾಯಿಯನ್ನೂ ಸೇರಿಸುವ ಆ ರಸ್ತೆಗಿರುವುದು ನಮ್ಮ ತೋಟಗಾರಿಕೆ ಇಲಾಖೆಯನ್ನು ಕಟ್ಟಿದ ಡಾ. ಎಂ.ಎಚ್. ಮರಿಗೌಡರ ಹೆಸರು. ಆದರೂ ಗಿಡ ಬೇಡ. ಮನೆಯಲ್ಲಿ ಆಗಲೇ ಇರುವ ಕುಂಡಗಳು ಮಲಗುವ ಕೋಣೆಯಿಂದ ಹೊರಗಿರಲಿ, ನೀರು ಬೇರೆಯವರು ಹಾಕಲಿ.

ಬದಲಿಗೆ ರಕ್ತ ಕೊಡಿ, ಅಲ್ಲಿ ಯಾವತ್ತೂ ಬೇಕಿರುತ್ತದೆ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು, ತೂಕ 45 ಕೆ.ಜಿ.ಗೆ ಕಡಿಮೆ ಇರಬಾರದು. ಹೋಗುವ ದಿನ ಸೆಂಟು, ಮಲ್ಲಿಗೆ ಯಾವುದೂ ಬೇಡ, ವಾಸನೆಗೆ ಹೊಟ್ಟೆ ತೊಳಸುತ್ತದೆ. ನಿಮಗೇ ನೆಗಡಿಯಿದ್ದರೆ ಹೋಗಲೇಬೇಡಿ. ಅವರಿಗೆ 100.4 ಡಿಗ್ರಿ ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬಾರದು, ಆಗ ಕಾರು ತೆಗೆದುಕೊಂಡು ಬರುವವರು ಇವರು ಅಂತ ಒಬ್ಬರ ಹೆಸರು, ನಂಬರು ಮೊದಲೇ ಗೊತ್ತುಮಾಡಿ ಕೊಟ್ಟಿರಿ. ಅದಕ್ಕಿಂತ ಚೆಂದದ ಉಡುಗೊರೆ ನನಗೆ ಹೊಳೆಯುವುದಿಲ್ಲ.

ಪ್ರ: ಕುಂಡದ ಸುತ್ತ ಸಣ್ಣ ಕಪ್ಪು ನೊಣ ಹಾರುತ್ತವೆ. ಡೆಂಗಿ ಬರುವುದು ಇದರಿಂದಲೇ?
— ಓದುಗ, ಮಂಗಳೂರು

ಉ: ಅಲ್ಲ. ಅವು ಫಂಗಸ್ ನ್ಯಾಟ್, ಒದ್ದೆ ಮಣ್ಣಿನಲ್ಲಿ ಮೊಟ್ಟೆಯಿಡುತ್ತವೆ, ಕಚ್ಚುವುದಿಲ್ಲ. ಮೇಲಿನ ಎರಡಂಗುಲ ಮಣ್ಣು ಒಣಗಲು ಬಿಡಿ, ಹಳದಿ ಅಂಟುಹಾಳೆ ಚುಚ್ಚಿ, ಕಡಿಮೆಯಾಗುತ್ತವೆ. ಡೆಂಗಿ ಸೊಳ್ಳೆ ಇರುವುದು ಕುಂಡದ ಕೆಳಗಿನ ತಟ್ಟೆಯಲ್ಲಿ. ನಿಂತ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ತಟ್ಟೆಯನ್ನು ವಾರಕ್ಕೊಮ್ಮೆಯಾದರೂ ಉಜ್ಜಿ ಒಣಗಿಸಿ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಅಧಿಸೂಚಿಸಿದ ಮೇಲೆ ನಗರದ ಮನೆಗಳಲ್ಲಿ ಸೊಳ್ಳೆಯ ಮರಿಹುಳ (ಲಾರ್ವಾ) ಸಿಕ್ಕರೆ 400 ರೂಪಾಯಿ ದಂಡವೂ ಇದೆ. ಕಾಯಿಲೆಯವರಿರುವ ಮನೆಯಲ್ಲಿ ದಂಡದ ಮಾತು ಹಾಗಿರಲಿ.

ಪ್ರ: ಅಮ್ಮನಿಗೆ ಹೃದಯದ ಆಪರೇಷನ್. ನಾನು ಅಟೆಂಡರ್ ಆಗಿ ಹತ್ತು ದಿನ ಬೆಂಗಳೂರಿನಲ್ಲಿರಬೇಕು. ಮನೆ ಬೀಗ, ಕೀಲಿ ಕೊಡುವಂಥವರು ಯಾರೂ ಇಲ್ಲ. ಹದಿನೈದು ಕುಂಡಗಳಿವೆ.
— ಮಗ, ದಾವಣಗೆರೆ

ಉ: ಹದಿನೈದೂ ಉಳಿಯುತ್ತವೆ. ಎಲ್ಲವನ್ನೂ ಕಿಟಕಿಯಿಂದ ಬೆಳಕು ಬರುವ ಬಚ್ಚಲಿಗೋ, ಬಿಸಿಲು ಬೀಳದ ಕೋಣೆಗೋ ತಂದು ಒತ್ತೊತ್ತಾಗಿ ಇಡಿ. ಗುಂಪಿನಲ್ಲಿದ್ದರೆ ಸುತ್ತಲಿನ ಗಾಳಿ ತೇವವಾಗಿರುತ್ತದೆ, ನೆರಳಿನಲ್ಲಿ ನೀರೂ ಕಡಿಮೆ ಬೇಕು. ದಪ್ಪ ಎಲೆಯವಕ್ಕೆ ಹೊರಡುವ ಹಿಂದಿನ ದಿನ ಒಮ್ಮೆ ಹಾಕಿದರೆ ಆಯಿತು.

ಉಳಿದವಕ್ಕೆ ಬತ್ತಿ. ಹಳೇ ಕಾಟನ್ ಸೀರೆಯನ್ನೋ ಪಂಚೆಯನ್ನೋ ಎರಡು ಬೆರಳಗಲ ಪಟ್ಟಿಗಳಾಗಿ ಹರಿದು ಹುರಿ ಹೊಸೆಯಿರಿ. ಹತ್ತಿ ನೀರನ್ನು ಚೆನ್ನಾಗಿ ಎಳೆಯುತ್ತದೆ. ಹತ್ತು ಲೀಟರಿನ ಬಕೆಟ್ ತುಂಬಿ ಸ್ಟೂಲಿನ ಮೇಲಿಟ್ಟು ಸುತ್ತ ಐದಾರು ಕುಂಡ ಜೋಡಿಸಿ. ಬಕೆಟ್ಟಿನ ನೀರು ಕುಂಡದ ಮಣ್ಣಿಗಿಂತ ತುಸು ಎತ್ತರದಲ್ಲಿರಬೇಕು. ಹುರಿಯನ್ನು ಪೂರ್ತಿ ನೆನೆಸಿ, ಒಂದು ತುದಿ ಬಕೆಟ್ಟಿನ ತಳ ಮುಟ್ಟುವ ಹಾಗೆ ಕಲ್ಲು ಕಟ್ಟಿ ಬಿಡಿ, ಇನ್ನೊಂದು ತುದಿಯನ್ನು ಬೇರಿನ ಹತ್ತಿರ ಮೂರಂಗುಲ ಹೂಳಿ. ಬಕೆಟ್ಟಿನ ಬಾಯಿಗೆ ಬಟ್ಟೆ ಕಟ್ಟಿ, ಸೊಳ್ಳೆಯ ಮಾತು ಮೇಲೆ ಬಂತಲ್ಲ. ಇದನ್ನು ಹೊರಡುವ ದಿನ ಮಾಡಬೇಡಿ. ಮೂರು ದಿನ ಮುಂಚೆ ಹೂಡಿ, ಮಣ್ಣು ಕೆಸರಾದರೆ ಹುರಿ ತೆಳ್ಳಗೆ ಮಾಡಿ, ಒಣಗಿದರೆ ಎರಡು ಹುರಿ ಹಾಕಿ. ಬಾಟಲಿ ಬೋರಲು ಹಾಕಿ ಚುಚ್ಚುವುದನ್ನು ವಿಡಿಯೊಗಳಲ್ಲಿ ತೋರಿಸುತ್ತಾರೆ. ಸಡಿಲ ಮಣ್ಣಿನಲ್ಲಿ ಅದು ರಾತ್ರಿ ಕಳೆಯುವುದರೊಳಗೆ ಬರಿದಾಗುತ್ತದೆ. ಹೊರಡುವ ಮುಂಚೆ ಗೊಬ್ಬರ ಹಾಕಬೇಡಿ.

ಅಟೆಂಡರ್ ಆಗಿ ಹೋಗುವವರು ನಿಮಗೆ ನೀವೇ ಒಂದು ತೆಳ್ಳನೆ ಹೊದಿಕೆ, ಉದ್ದ ವೈರಿನ ಚಾರ್ಜರ್, ಒಂದು ಸ್ಟೀಲ್ ಲೋಟ ಇಟ್ಟುಕೊಳ್ಳಿ. ‘ನಾನೂ ಬರ್ತೀನಿ’ ಅನ್ನುವ ನೆಂಟರಲ್ಲಿ ಒಬ್ಬರಿಗೆ ಮೂರನೇ ದಿನದ ರಾತ್ರಿ, ಇನ್ನೊಬ್ಬರಿಗೆ ಆರನೇ ದಿನದ ರಾತ್ರಿ ಅಂತ ಈಗಲೇ ಹಂಚಿಬಿಡಿ, ಎಲ್ಲರೂ ಮೊದಲ ದಿನವೇ ಬಂದು ಕೂರುವುದು ಬೇಡ.

ಮುಂದಿನ ತಿಂಗಳು ಮಳೆಗಾಲದ ಪ್ರಶ್ನೆಗಳು. ಫೋಟೊ ಕಳಿಸುವವರಲ್ಲಿ ಒಂದು ಕೋರಿಕೆ: ಎಲೆಯದ್ದೊಂದೇ ಸಾಲದು, ಕುಂಡವನ್ನು ವಾಲಿಸಿ ತಳದ ತೂತಿನ ಫೋಟೊವನ್ನೂ ಕಳಿಸಿ. ತೂತೇ ಇಲ್ಲದಿದ್ದರೆ ಕಾಗದ ಬರೆಯುವ ಮುಂಚೆ ಅದನ್ನು ಕೊರೆಯಿರಿ.